ಜಾಸ್ತಿ ಮಾರಾಟ ಆಗೋ ಕಂಪನಿ ಅಂದ್ರೆ ಒಳ್ಳೇ ಮಾಲಿನ ಕಂಪನಿ ಅಂತಾನಾ?

ಹದಡಿ_ರೋಡ್
ದಾವಣಗೆರೆ, ದುರ್ಗದ ಕಡೆಯವ್ರು ಸೇರಿ ಒಂದು ಪಂಚಾಯ್ತಿ ಮಾಡಿ ಕೊಡ್ರಪ್ಪಾ. ತಂಗಿ ಇಂಜಿನಿಯರಿಂಗ್ ಸೇರ್ತಿದಾಳೆ, ಲ್ಯಾಪ್‌ಟಾಪ್ ತಗೋಬೇಕು. ನಮ್ಮ ಭಾವ ಪೇಪರ್‌ನಲ್ಲಿ ಬಂದ ಮಾರಾಟದ ಲೆಕ್ಕ ಹಿಡ್ಕೊಂಡು ಕೂತಿದಾರೆ. "ಯಾವ ಕಂಪನಿ ಮಾಲು ಜಾಸ್ತಿ ಹೋಗ್ತೈತೋ ಅದೇ ಒಳ್ಳೇದು. ಲಕ್ಷಗಟ್ಟಲೆ ಜನ ದುಡ್ಡು ಕೊಟ್ಟು ತಗೊಂಡಾರ ಅಂದ್ರ ಅವ್ರೆಲ್ಲ ದಡ್ಡರೇನು?" ಅಂತಾರೆ. ಫೋನಿಗೂ ಇದೇ ಮಾತು, ಟಿವಿಗೂ ಇದೇ ಮಾತು, ಸ್ಕೂಟರ್‌ಗೂ ಇದೇ.

ನಾನು "ಮಾರಾಟ ಜಾಸ್ತಿ ಆದ್ರೆ ಮಾರೋನು ಜಾಣ ಅಂತ ಗೊತ್ತಾಗುತ್ತೆ, ಮಾಲು ಹೆಂಗೈತೆ ಅಂತ ಗೊತ್ತಾಗಲ್ಲ" ಅಂದೆ. "ಹಂಗಾದ್ರೆ ಯಾರೂ ತಗೊಳ್ದೇ ಇರೋದು ಒಳ್ಳೇದಾ?" ಅಂತ ತಿರುಗಿಸಿ ಕೇಳಿದ್ರು. ಯಾವ ಮಾಡೆಲ್ ತಗೋಬೇಕು ಅಂತ ನಾನು ಕೇಳ್ತಿಲ್ಲ, ಆ ಪಟ್ಟಿ ಬೇಡ. ಭಾವನ ವಾದದಲ್ಲಿ ಹುರುಳೈತಾ ಇಲ್ವಾ, ಅಷ್ಟು ಹೇಳಿ.

ದುರ್ಗದ_ಕಲ್ಲು
ಜನ ಮರುಳೋ ಜಾತ್ರೆ ಮರುಳೋ. ಮುಗೀತು ಚರ್ಚೆ.

ಮಂಡಿಪೇಟೆ_ಮೊಬೈಲ್
ಎಲ್ಲಿ ಮುಗೀತು ಸ್ವಾಮಿ? ನಾನು ಅಂಗಡಿ ಇಟ್ಟೋನು, ನನ್ನ ಮಾತೂ ಕೇಳಿ. ಗಿರಾಕಿ ದಡ್ಡ ಅನ್ನೋದು ಕೌಂಟರ್ ಹಿಂದೆ ಒಂದಿನಾನೂ ನಿಲ್ಲದೇ ಇರೋರು ಆಡೋ ಮಾತು. ಹತ್ತು ಸಾವಿರದ ಫೋನಿಗೆ ಮನೆಮಂದಿಯೆಲ್ಲ ಬರ್ತಾರೆ, ಅರ್ಧ ತಾಸು ವಿಡಿಯೊ ನೋಡ್ಕೊಂಡೇ ಬಂದಿರ್ತಾರೆ.

ನೋಕಿಯಾ 1100 ನೆನಪೈತಾ? 2003ರಲ್ಲಿ ಬಂತು. ಜಗತ್ತಿನಾಗೆ 25 ಕೋಟಿ ಮೇಲೆ ಹೋಯ್ತು. ಕ್ಯಾಮೆರಾ ಇಲ್ಲ, ಬಣ್ಣದ ಪರದೆ ಇಲ್ಲ. ತಲೆ ಮೇಲೊಂದು ಟಾರ್ಚು, ಧೂಳು ಒಳಗೆ ಹೋಗದ ಹಾಗೆ ಒಂದೇ ರಬ್ಬರ್ ಹಾಳೆಯ ಕೀಪ್ಯಾಡು, ಚಾರ್ಜ್ ಹಾಕಿದ್ರೆ ಮರೆತೇ ಬಿಡಬಹುದಾದ ಬ್ಯಾಟರಿ. ರಾತ್ರಿ ಹೊಲಕ್ಕೆ ನೀರು ಬಿಡೋಕೆ ಹೋಗೋ ರೈತನಿಗೆ ಇನ್ನೇನು ಬೇಕಿತ್ತು? ಚೆನ್ನಾಗಿತ್ತು, ಮಾರಾಟ ಆಯ್ತು. ಭಾವ ಹೇಳೋದ್ರಲ್ಲಿ ತಪ್ಪೇನೈತೆ?

ಬಿಸಿಲು_ಚಳ್ಳಕೆರೆ
ಚೆನ್ನಾಗಿದ್ದಿದ್ದು ಮಾರಾಟ ಆಯ್ತು ಅನ್ನೋದು ಬೇರೆ, ಮಾರಾಟ ಆಗಿದ್ದೆಲ್ಲ ಚೆನ್ನಾಗೈತೆ ಅನ್ನೋದು ಬೇರೆ. ಒಂದನ್ನ ತೋರಿಸಿ ಇನ್ನೊಂದನ್ನ ಗೆದ್ದೆ ಅನ್ಬೇಡಿ ಅಣ್ಣಾ.

ಮಂಡಿಪೇಟೆ_ಮೊಬೈಲ್
ವಕೀಲರು ಬಂದ್ರು, ಎಲ್ಲರೂ ಎದ್ದು ನಿಲ್ಲಿ.

ಪಿಜೆ_ಬಡಾವಣೆ
1100 ಅಂದ್ರಲ್ಲ, ಅದರಲ್ಲಿ ಹಾಕ್ತಿದ್ದ ಬಿಎಲ್-5ಸಿ ಬ್ಯಾಟರಿ ಕಥೆನೂ ಹೇಳಿ ಮತ್ತೆ. 2007ರ ಆಗಸ್ಟ್‌ನಲ್ಲಿ ನೋಕಿಯಾದವ್ರೇ ಎಚ್ಚರಿಕೆ ಕೊಟ್ರು. ಮತ್ಸುಶಿತಾ ಅನ್ನೋ ಕಂಪನಿ ಮಾಡಿಕೊಟ್ಟ 4.6 ಕೋಟಿ ಬ್ಯಾಟರಿಗಳಲ್ಲಿ ಕೆಲವು ಚಾರ್ಜಿಗೆ ಹಾಕಿದಾಗ ವಿಪರೀತ ಬಿಸಿ ಆಗಬಹುದು, ಬೇಕಾದ್ರೆ ಬದಲಾಯಿಸ್ಕೊಡ್ತೀವಿ ಅಂತ. ಬ್ಯಾಟರಿ ಹಿಂದೆ 26 ಅಕ್ಷರ-ಅಂಕಿಗಳ ಒಂದು ನಂಬರ್ ಇರ್ತಿತ್ತು. ಕನ್ನಡಕ ಹಾಕ್ಕೊಂಡು ನಮ್ಮಪ್ಪ ಓದೋದು, ನಾನು ಬರ್ಕೊಳ್ಳೋದು. ನಮ್ಮ ಬೀದಿಲಿ ಯಾರ ಮನೆ ಮುಂದೆ ನೋಡಿದ್ರೂ ಫೋನಿನ ಹಿಂಬದಿ ಬಿಚ್ಚಿಟ್ಟಿದ್ರು. ನಮ್ಮದು ಆ ಪಟ್ಟಿಲಿ ಇರಲಿಲ್ಲ.

ಹೇಳೋಕೆ ಹೊರಟಿದ್ದು ಇಷ್ಟು: ಆ ವರ್ಷ ಜಗತ್ತಲ್ಲಿ ಅತಿ ಹೆಚ್ಚು ಫೋನ್ ಮಾರಿದ್ದು ಅವ್ರೇ. ಆ ಮಾರಾಟದ ಲೆಕ್ಕದೊಳಗೇ ಈ ಬ್ಯಾಟರಿಗಳೂ ಇದ್ವು. ಲೆಕ್ಕ ನೋಡಿದೋರಿಗೆ ಅದು ಕಾಣ್ತಿತ್ತಾ?

ಬಾಯ್ಲರ್_ಬಸು
ದಾವಣಗೆರೆಯೋರಾಗಿ ಇಷ್ಟು ಸುತ್ತಿ ಬಳಸಿ ಮಾತಾಡ್ತೀರಲ್ರೀ. ಭಾನುವಾರ ಬೆಳಗ್ಗೆ ಬೆಣ್ಣೆ ದೋಸೆ ಹೋಟೆಲ್ ಮುಂದೆ ಜನ ನಿಂತಿರ್ತಾರಲ್ಲ, ಯಾಕೆ? ದೋಸೆ ಚೆನ್ನಾಗಿರುತ್ತೆ ಅಂತ. ಅಷ್ಟೇ.

ಪಿಜೆ_ಬಡಾವಣೆ
ಬೆಂಗಳೂರಲ್ಲಿ ಗಲ್ಲಿಗೊಂದು "ದಾವಣಗೆರೆ ಬೆಣ್ಣೆ ದೋಸೆ" ಬೋರ್ಡ್ ಐತೆ. ಅಲ್ಲೂ ಜನ ನಿಂತಿರ್ತಾರೆ. ತಿಂದು ನೋಡಿದೀರಾ?

ಬಾಯ್ಲರ್_ಬಸು
ಆ ಹೆಸರು ಎತ್ತಬೇಡಿ, ಹೊಟ್ಟೆ ಉರಿಯುತ್ತೆ.

ಕೊಂಡಜ್ಜಿ_ಕೆರೆ
ದೋಸೆದು ಬೇರೆ ಲೆಕ್ಕ. ತಿಂದ ಐದು ನಿಮಿಷಕ್ಕೆ ರುಚಿ ಗೊತ್ತಾಗುತ್ತೆ, ಸರಿ ಇಲ್ಲ ಅಂದ್ರೆ ಮುಂದಿನ ವಾರ ಎದುರುಗಡೆ ಹೋಟೆಲ್‌ಗೆ ಹೋಗ್ತೀವಿ. ಲ್ಯಾಪ್‌ಟಾಪಿಂದು ಮೂರನೇ ವರ್ಷಕ್ಕೆ ಗೊತ್ತಾಗೋದು. ಅಷ್ಟೊತ್ತಿಗೆ ಕಂಪನಿಯೋರು ನೀವು ಕೊಟ್ಟ ದುಡ್ಡನ್ನ ಲೆಕ್ಕಕ್ಕೆ ಸೇರಿಸಿ ನಾವೇ ನಂಬರ್ ಒನ್ ಅಂತ ಜಾಹೀರಾತು ಹಾಕಿ ಮರೆತಿರ್ತಾರೆ. ಮಾರಾಟದ ಲೆಕ್ಕ ಬರೆಯೋದು ಬಿಲ್ ಆದ ದಿನ.

ರಿಪೇರಿ_ಟೇಬಲ್
ಮೇಲಿನವ್ರು ಸರಿಯಾದ ಜಾಗಕ್ಕೆ ಬಂದ್ರು. ನಾನು ಚಿತ್ರದುರ್ಗದಲ್ಲಿ ಲಕ್ಷ್ಮೀ ಬಜಾರ್ ಕಡೆ ರಿಪೇರಿ ಮಾಡ್ತೀನಿ. ಎಲ್ಲರೂ ನನ್ನ ಹತ್ರ ಬಂದು ಕೇಳೋದು ಒಂದೇ, "ಅಣ್ಣಾ ನಿನ್ನ ಹತ್ರ ಯಾವ ಕಂಪನಿದು ಜಾಸ್ತಿ ಬರ್ತೈತೆ? ಅದನ್ನ ಬಿಟ್ಟು ಬೇರೆ ತಗೊಂತೀನಿ." ಅದೂ ತಪ್ಪು ಲೆಕ್ಕ. ಜಾಸ್ತಿ ಮಾರಾಟ ಆಗಿರೋದು ಜಾಸ್ತಿ ರಿಪೇರಿಗೆ ಬರಲೇಬೇಕು. ಊರಲ್ಲಿ ಹತ್ತೇ ಹತ್ತು ಇರೋ ಫೋನು ನನ್ನ ಟೇಬಲ್ಲಿಗೆ ಬರ್ಲಿಲ್ಲ ಅಂದ್ರೆ ಅದು ಗಟ್ಟಿ ಅಂತಲ್ಲ.

ನಾನು ನೋಡೋದು ಎರಡು. ಏನು ಹೋಗೈತೆ, ಎಷ್ಟು ದಿನಕ್ಕೆ ಹೋಗೈತೆ. ಮೂರು ವರ್ಷ ಆದ್ಮೇಲೆ ಚಾರ್ಜಿಂಗ್ ಪಿನ್ನು ಸಡಿಲ ಆಯ್ತು, ಬ್ಯಾಟರಿ ಉಬ್ಬಿತು ಅಂದ್ರೆ ನಾನು ಆ ಕಂಪನಿನ ಬೈಯಲ್ಲ. ವಾರಂಟಿ ಮುಗಿದ ಹೊಸತರಲ್ಲೇ, ಬಿದ್ದಿಲ್ಲ, ನೀರು ಹೋಗಿಲ್ಲ, ರಾತ್ರಿ ಅಪ್‌ಡೇಟ್ ಹಾಕಿ ಮಲಗಿದ್ರು, ಬೆಳಗ್ಗೆ ಎದ್ದು ನೋಡಿದ್ರೆ ಪರದೆ ಮೇಲಿಂದ ಕೆಳಗೆ ಕೂದಲೆಳೆ ಅಷ್ಟು ದಪ್ಪದ ಒಂದು ಹಸಿರು ಗೆರೆ. ಒಂದು ವಾರಕ್ಕೆ ಪಕ್ಕದಲ್ಲಿ ಗುಲಾಬಿ ಬಣ್ಣದ್ದು ಇನ್ನೊಂದು. ಅಮೊಲೆಡ್ ಪರದೆ, ಒರಿಜಿನಲ್ ಹಾಕಿಸಿದ್ರೆ ಫೋನಿನ ಬೆಲೆಯ ಮೂರನೇ ಒಂದು ಭಾಗ ಹೋಯ್ತು. ಆ ಫೋನುಗಳು ಮಾರಾಟದಲ್ಲಿ ಚೆನ್ನಾಗೇ ಹೋದವು. ಅವೂ ಒಂದೇ ಕಂಪನಿವಲ್ಲ, ಹಾಗಾಗಿ ಹೆಸರು ಕೇಳ್ಬೇಡಿ.

ಬಿಸಿಲು_ಚಳ್ಳಕೆರೆ
ಇದು ಮಾತು!

ಶಿಪ್‌ಮೆಂಟ್_ಸೀನ
ಇನ್ನೊಂದು ವಿಷಯ. ಪೇಪರ್‌ನಲ್ಲಿ "ಈ ತ್ರೈಮಾಸಿಕದಲ್ಲಿ ಇಷ್ಟು ಲಕ್ಷ" ಅಂತ ಬರೋದು ಬಹುಪಾಲು ಐಡಿಸಿ ಥರದ, ಮಾರುಕಟ್ಟೆ ಲೆಕ್ಕ ಇಡೋ ಸಂಸ್ಥೆಗಳ ಶಿಪ್‌ಮೆಂಟ್ ಲೆಕ್ಕ. ಅಂದ್ರೆ ಕಂಪನಿಯಿಂದ ಡಿಸ್ಟ್ರಿಬ್ಯೂಟರು, ಅಂಗಡಿ ಕಡೆಗೆ ಹೊರಟ ಡಬ್ಬಿಗಳು. ನಿಮ್ಮ ಭಾವ ತಗೊಂಡ್ರೋ, ಅಥವಾ ಡಬ್ಬಿ ಇನ್ನೂ ಗೋಡೌನ್‌ನಲ್ಲಿ ಐತೋ, ಆ ಲೆಕ್ಕಕ್ಕೆ ಬೇಕಿಲ್ಲ. ಆಪಲ್‌ನವರು 2018ರ ಕೊನೆಯಿಂದ ಎಷ್ಟು ಐಫೋನ್ ಹೋಯ್ತು ಅಂತ ಹೇಳೋದೇ ನಿಲ್ಲಿಸಿದ್ರು, ಬರೀ ದುಡ್ಡಿನ ಲೆಕ್ಕ ಕೊಡ್ತಾರೆ.

ಮಂಡಿಪೇಟೆ_ಮೊಬೈಲ್
ಇದು ಮಾತ್ರ ನಿಜ. ಬಾಯಿ ಬಿಡಿಸ್ತಿದೀರ, ಹೇಳ್ತೀನಿ. ತಿಂಗಳ ಕೊನೆ ವಾರ ಟಾರ್ಗೆಟ್ ಮುಟ್ಟದಿದ್ರೆ ಮಾಲು ತಂದು ಸುರೀತಾರೆ. ಇಷ್ಟು ಎತ್ತಿದ್ರೆ ಇಷ್ಟು ಕಮಿಷನ್, ದೀಪಾವಳಿಗೆ ಟೂರ್. ಯಾವುದಕ್ಕೆ ಸ್ಕೀಮ್ ಜಾಸ್ತಿಯೋ ಅದು ಗಾಜಿನ ಕೌಂಟರ್ ಮುಂದಿನ ಸಾಲಿಗೆ ಬರುತ್ತೆ. ಎಲ್ಲಾ ಅಂಗಡಿಯೋರೂ ಮಾಡೋದೇ ಇದು. ಜತೆಗೆ ಝೀರೊ ಡೌನ್ ಪೇಮೆಂಟ್ ಫೈನಾನ್ಸ್ ಹುಡುಗ ಅಂಗಡಿಲೇ ಕೂತಿರ್ತಾನೆ. ಯಾವ ಕಂಪನಿಗೆ ಅವನ ಸಾಲ ಸುಲಭವೋ ಅದು ಜಾಸ್ತಿ ಹೋಗುತ್ತೆ. ಆದ್ರೂ ಹೇಳ್ತೀನಿ, ಕೆಟ್ಟ ಮಾಲನ್ನ ಸ್ಕೀಮ್ ಮೇಲೆ ಒಂದು ದೀಪಾವಳಿ ಮಾರಬಹುದು, ಎರಡನೇದಕ್ಕೆ ಆಗಲ್ಲ. ಗಿರಾಕಿ ವಾಪಸ್ ಬಂದು ನನ್ನ ಕೊರಳಪಟ್ಟಿ ಹಿಡೀತಾನೆ, ಕಂಪನಿದಲ್ಲ.

ಹರಿಹರ_ಸೇತುವೆ
ಕಂಪ್ಯೂಟರ್ ಓಡಿಸೋ ಸಾಫ್ಟ್‌ವೇರ್ ವಿಂಡೋಸ್ ವಿಸ್ಟಾ ನೋಡಿ. ಕೆಟ್ಟದಾಗಿತ್ತು, ಯಾರೂ ಕೊಳ್ಳಲಿಲ್ಲ, ನೆಲ ಕಚ್ಚಿತು. ಅಂದ್ರೆ ಮಾರುಕಟ್ಟೆ ತೀರ್ಪು ಸರಿ ಇರುತ್ತೆ ಅಂತಾಯ್ತಲ್ಲ?

ಎಂಸಿಸಿ_ಬಿ_ಬ್ಲಾಕ್
@ಹರಿಹರ_ಸೇತುವೆ ಯಾರೂ ಕೊಳ್ಳಲಿಲ್ಲ ಅಂತ ಯಾರು ಹೇಳಿದ್ದು? 2007ರ ಜನವರಿ ಕೊನೆಗೆ ಬಂತು, ಮೊದಲ ತಿಂಗಳಲ್ಲೇ 2 ಕೋಟಿ ಲೈಸೆನ್ಸ್ ಹೋಯ್ತು ಅಂತ ಮೈಕ್ರೋಸಾಫ್ಟ್ ಹೇಳ್ಕೊಂತು. ಅದರಲ್ಲಿ ಬಹಳಷ್ಟು ಹೊಸ ಕಂಪ್ಯೂಟರ್ ಜತೆ ತಾನಾಗೇ ಬಂದಿದ್ದು. ನೀವು ಕೊಂಡಿದ್ದು ಕಂಪ್ಯೂಟರ್, ಲೆಕ್ಕ ಬಿದ್ದಿದ್ದು ವಿಸ್ಟಾ ಹೆಸರಿಗೆ. ಆಗ ನಾನು ದಾವಣಗೆರೆ ಬಿಐಇಟಿ ಇಂಜಿನಿಯರಿಂಗ್ ಕಾಲೇಜಿನ ಹುಡುಗ. ಹೊಸ ಲ್ಯಾಪ್‌ಟಾಪ್ ಹಾಸ್ಟೆಲಿಗೆ ಬಂದ ದಿನಾನೇ ವಿಸ್ಟಾ ಅಳಿಸಿ ಅದರ ಹಿಂದಿನ ವಿಂಡೋಸ್ ಎಕ್ಸ್‌ಪಿ ಹಾಕೋ ಸೀನಿಯರ್‌ಗಳು ಇದ್ರು, ಒಂದು ಬಿರಿಯಾನಿ ಅವರ ಫೀಸು. ಕಂಪನಿಗಳಿಗೂ ಹಂಗೆ, ವಿಸ್ಟಾ ಲೈಸೆನ್ಸ್ ತಗೊಂಡು ಅದರ ಮೇಲೇ ಎಕ್ಸ್‌ಪಿ ಓಡಿಸೋ ಹಕ್ಕು ಇತ್ತು. ಎಕ್ಸ್‌ಪಿ ಓಡ್ತಿದ್ರೂ ಲೆಕ್ಕದಲ್ಲಿ ವಿಸ್ಟಾ ಮಾರಾಟ!

ಹರಿಹರ_ಸೇತುವೆ
ಬಿರಿಯಾನಿ ಯಾವ ಹೋಟೆಲಿಂದು?

ಡಿಟಿಪಿ_ಅಂಗಡಿ
ನನ್ನ ಕಂಪ್ಯೂಟರಲ್ಲಿ ಇವತ್ತಿಗೂ ಪುಟ ಜೋಡಿಸೋ ಸಾಫ್ಟ್‌ವೇರ್ ಪೇಜ್‌ಮೇಕರ್ 7 ಐತೆ. 2001ರದ್ದು. ಅದಾದ್ಮೇಲೆ ಅಡೋಬಿಯವ್ರು ಹೊಸ ಆವೃತ್ತಿ ತರಲೇ ಇಲ್ಲ, ಇನ್‌ಡಿಸೈನ್ ಕಡೆ ಹೋದ್ರು. ನಾನ್ಯಾಕೆ ಬಿಟ್ಟಿಲ್ಲ? ಊರಿನ ಲಗ್ನಪತ್ರಿಕೆಗಳೆಲ್ಲ ಅದರಲ್ಲೇ ಅದಾವೆ. ಅಣ್ಣನ ಮದುವೆ ಫೈಲ್ ತೆಗೆದು ತಮ್ಮನ ಹೆಸರು ಹಾಕಿದ್ರೆ ಕೆಲಸ ಮುಗೀತು. ಅಕ್ಷರ ನುಡಿಯ ಹಳೇ ಆಸ್ಕಿ ಫಾಂಟು. ಅದನ್ನ ಈಗಿನ ಫೋನು, ಕಂಪ್ಯೂಟರ್ ಎಲ್ಲಾ ಓದೋ ಯೂನಿಕೋಡ್ ಮಾಡೋಕೆ ಹೋದ್ರೆ ಎಲ್ಲೋ ಒಂದು ಅರ್ಕಾವತ್ತು ಜಾರಿ ಮದುಮಗನ ಹೆಸರೇ ಕೆಡುತ್ತೆ. ವಾಟ್ಸ್ಯಾಪಿಗೆ ಹಾಕಿದ್ರಂತೂ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ.

ಪ್ರಿಂಟಿಂಗ್ ಪ್ರೆಸ್‌ನವನೂ ಪೇಜ್‌ಮೇಕರ್ ಫೈಲೇ ಕೇಳ್ತಾನೆ, ನಾನೂ ಅದನ್ನೇ ಕೊಡ್ತೀನಿ, ನಾನು ಕೊಡ್ತೀನಿ ಅಂತ ಅವನೂ ಅದನ್ನೇ ಇಟ್ಕೊಂಡಿದಾನೆ. ಹೊರಗಿನೋರು ನೋಡಿದ್ರೆ "ಇಷ್ಟು ಅಂಗಡಿಯೋರು ಬಳಸ್ತಾರೆ, ಎಂಥಾ ಸಾಫ್ಟ್‌ವೇರ್ ಇರ್ಬೇಕು" ಅನ್ಕೊಂತಾರೆ. ಒಳ್ಳೇದು ಅಂತಲ್ಲ ಸ್ವಾಮಿ, ಬಿಡಕ್ಕಾಗಲ್ಲ ಅಂತ.

ಎಂಸಿಸಿ_ಬಿ_ಬ್ಲಾಕ್
ಜಾಲತಾಣ ನೋಡೋ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕಥೆನೂ ಅದೇ. ವಿಂಡೋಸ್ ಜತೆ ಪುಕ್ಕಟೆ ಬಂತು, ಒಂದು ಕಾಲಕ್ಕೆ ನೂರಕ್ಕೆ ತೊಂಬತ್ತರ ಮೇಲೆ ಜನ ಅದನ್ನೇ ಬಳಸ್ತಿದ್ರು. ಸರ್ಕಾರಿ ಜಾಲತಾಣಗಳು "ಎಕ್ಸ್‌ಪ್ಲೋರರ್‌ನಲ್ಲೇ ತೆರೆಯಿರಿ" ಅಂತ ಬೋರ್ಡ್ ಹಾಕ್ಕೊಂಡಿದ್ವು. 2022ರ ಜೂನ್‌ನಲ್ಲಿ ಮೈಕ್ರೋಸಾಫ್ಟೇ ಅದಕ್ಕೆ ನಿವೃತ್ತಿ ಕೊಡ್ತು. ಅಳೋಕೆ ಒಬ್ಬನೂ ಇರಲಿಲ್ಲ.

ಹಳೇ_ವಿಸಿಪಿ
ನೀವೆಲ್ಲ ಹುಡುಗ್ರು. ಬೀಟಾಮ್ಯಾಕ್ಸ್ ಕೇಳಿದೀರಾ? ಸೋನಿಯವರ ವಿಡಿಯೊ ಕ್ಯಾಸೆಟ್ಟು. ಚಿತ್ರ ಅದರ ಎದುರಾಳಿ ಕ್ಯಾಸೆಟ್ಟು ವಿಎಚ್‌ಎಸ್‌ಗಿಂತ ಚೆನ್ನಾಗಿತ್ತು, ಆದ್ರೂ ಸೋತಿತು. ಒಳ್ಳೇದು ಸೋಲುತ್ತೆ ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ?

ಶಿಪ್‌ಮೆಂಟ್_ಸೀನ
ಹಿರಿಯರೇ, ಆ ಕಥೆ ಅರ್ಧ ಮಾತ್ರ. 1975ರಲ್ಲಿ ಬಂದ ಬೀಟಾಮ್ಯಾಕ್ಸ್ ಕ್ಯಾಸೆಟ್ಟಿನಲ್ಲಿ ಒಂದೇ ತಾಸು ಹಿಡೀತಿತ್ತು. ಮುಂದಿನ ವರ್ಷ ಬಂದ ವಿಎಚ್‌ಎಸ್ ಎರಡು ತಾಸು. ಸಿನಿಮಾ ನೋಡೋನಿಗೆ ಮಧ್ಯದಲ್ಲಿ ಕ್ಯಾಸೆಟ್ ಬದಲಾಯಿಸೋದು ಒಳ್ಳೇ ಮಾಲಾ? ಆಮೇಲೆ ಸೋನಿಯವ್ರೂ ಸಮಯ ಹೆಚ್ಚಿಸಿದ್ರು, ಅಷ್ಟೊತ್ತಿಗೆ ಬಸ್ ಹೋಗಿತ್ತು. ಇಂಜಿನಿಯರ್ ಕಣ್ಣಿಗೆ ಚಿತ್ರ ಮುಖ್ಯ, ಮನೆಯವರ ಕಣ್ಣಿಗೆ ಉದ್ದ ಮುಖ್ಯ. ಅಲ್ಲಿ ಮಾರಾಟ ಸರಿಯಾದ್ದನ್ನೇ ಹೇಳ್ತು ಅಂತ ನನ್ನ ವಾದ.

ಹಳೇ_ವಿಸಿಪಿ
ನಮ್ಮೂರಲ್ಲಿ ಗಣಪತಿ ಹಬ್ಬಕ್ಕೆ ಕ್ಯಾಸೆಟ್ ಹಾಕೋ ವಿಸಿಪಿ ಬಾಡಿಗೆ ತಂದು ಬೆಳಗಾನ ಸಿನಿಮಾ ಹಾಕ್ತಿದ್ವಿ. ಮಧ್ಯ ಕರೆಂಟ್ ಹೋದ್ರೆ ಯಾವ ಕ್ಯಾಸೆಟ್ ಆದ್ರೂ ಒಂದೇ ಬಿಡಪ್ಪ.

ಜಿಯೊ_ಜಯಮ್ಮ
2016ರ ಸೆಪ್ಟೆಂಬರ್ 5ಕ್ಕೆ ಜಿಯೊ ಶುರು. 2017ರ ಫೆಬ್ರವರಿಗೆ 10 ಕೋಟಿ ಜನ. ಅಷ್ಟರತನಕ ಪುಕ್ಕಟೆ. ಅದನ್ನ ಒಳ್ಳೇದು ಅನ್ನೋಣವೋ ಪುಕ್ಕಟೆ ಅನ್ನೋಣವೋ?

ಕೊಂಡಜ್ಜಿ_ಕೆರೆ
@ಜಿಯೊ_ಜಯಮ್ಮ ಆ 10 ಕೋಟಿ ಏನನ್ನೂ ಹೇಳಲ್ಲ. ಪುಕ್ಕಟೆ ಮುಗಿದು ರೀಚಾರ್ಜ್ ಬೆಲೆ ಮೇಲಿಂದ ಮೇಲೆ ಏರಿದ್ರೂ ಬಿಡದೇ ಉಳಿದೋರು ಎಷ್ಟು, ಆ ಲೆಕ್ಕ ಏನೋ ಹೇಳುತ್ತೆ. ಅದಕ್ಕೇ ನಾನು ಕೇಳೋದು, ತಗೊಂಡೋರು ಎರಡನೇ ಸಲ ಅದನ್ನೇ ತಗೊಂಡ್ರಾ? ಹಳೇದಕ್ಕೆ ಸೆಕೆಂಡ್‌ಹ್ಯಾಂಡ್ ಬೆಲೆ ಬರ್ತೈತಾ? ಗೊತ್ತಿದ್ದೋರು ದುಡ್ಡು ಕೊಟ್ಟು ಹಳೇದನ್ನ ಕೊಳ್ತಾರೆ ಅಂದ್ರೆ ಅದರಲ್ಲಿ ಏನೋ ಇರುತ್ತೆ.

ದುರ್ಗದ_ಕಲ್ಲು
ಉಳಿದಿರೋದು ಒಳ್ಳೇದು ಅಂತಲ್ಲ, ನಂಬರ್ ಆಧಾರ್‌ಗೆ, ಬ್ಯಾಂಕಿಗೆ ಕೊಟ್ಟಿರ್ತೀವಿ ಅಂತ.

ಕೊಂಡಜ್ಜಿ_ಕೆರೆ
ನಂಬರ್ ಇಟ್ಕೊಂಡೇ ಕಂಪನಿ ಬದಲಾಯಿಸೋ ಸೌಲಭ್ಯ 2011ರಿಂದ ಇಡೀ ದೇಶಕ್ಕೆ ಐತೆ. ಕಲ್ಲು ಎತ್ತಿ ಹಾಕೋ ಮುಂಚೆ ನೋಡಿ ಹಾಕಪ್ಪ.

ಗೇಮಿಂಗ್_ಗುಂಡ
ಟಿವಿಗೆ ಹಾಕಿ ಆಡೋ ಗೇಮಿನ ಡಬ್ಬಿ ಎಕ್ಸ್‌ಬಾಕ್ಸ್ 360! ಕೆಂಪು ದೀಪ ಉರಿದು ಕಂತೆ ಕಂತೆ ಸತ್ತವು. 2007ರಲ್ಲಿ ಮೈಕ್ರೋಸಾಫ್ಟ್ ವಾರಂಟಿನ ಮೂರು ವರ್ಷಕ್ಕೆ ಏರಿಸಿ, ನೂರು ಕೋಟಿ ಡಾಲರ್‌ಗೂ ಜಾಸ್ತಿ ಅದಕ್ಕಂತಾನೇ ತೆಗೆದಿಡ್ತು. ಆದ್ರೂ ಕೊನೆಗೆ ಮಾರಾಟ 8 ಕೋಟಿ ದಾಟಿತು. ಡಬ್ಬಿ ದರಿದ್ರ, ಆಟಗಳು ಬಂಗಾರ. ಈಗ ಇದನ್ನ ಒಳ್ಳೇದರ ಸಾಲಿಗೆ ಹಾಕ್ತೀರೋ ಕೆಟ್ಟದರ ಸಾಲಿಗೋ?

ಬಿಸಿಲು_ಚಳ್ಳಕೆರೆ
ಐಫೋನ್ 4 ಕೂಡ. 2010ರ ಜೂನ್, ಮೂರೇ ದಿನಕ್ಕೆ 17 ಲಕ್ಷ ಹೋಯ್ತು. ಎಡಗೈಲಿ ಕೆಳಗಿನ ಮೂಲೆ ಮುಚ್ಚಿ ಹಿಡಿದ್ರೆ ಸಿಗ್ನಲ್ ಬೀಳ್ತಿತ್ತು. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್‌ನವ್ರು ನಾವು ಶಿಫಾರಸು ಮಾಡಲ್ಲ ಅಂದ್ರು, ಆಪಲ್‌ನವರು ಪುಕ್ಕಟೆ ಕವರ್ ಕೊಟ್ರು. ಮೂರು ದಿನದಲ್ಲಿ ಕ್ಯೂ ನಿಂತು ಕೊಂಡೋರು ಯಾರೂ ಅದನ್ನ ಬಳಸಿ ನೋಡಿ ಕೊಂಡೋರಲ್ಲ, ನೋಡಿ. ಅವರು ಕೊಂಡಿದ್ದು ಹಿಂದಿನ ಐಫೋನಿನ ಹೆಸರನ್ನ.

ವೋಲ್ಟೇಜ್_ವೀರ
ಎಲೆಕ್ಟ್ರಿಕ್ ಸ್ಕೂಟರ್ ವಿಷಯಕ್ಕೆ ಬರಲಿ. 2024ರಲ್ಲಿ ಓಲಾ ಎಲೆಕ್ಟ್ರಿಕ್ ಮಾರಾಟದಲ್ಲಿ ಮೊದಲ ಸ್ಥಾನದಲ್ಲಿದ್ದಾಗಲೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದಿಂದ ನೋಟಿಸ್ ಬಂತು. ಒಂದು ವರ್ಷದಲ್ಲಿ ಸಹಾಯವಾಣಿಗೆ 10,644 ದೂರು. ಶೇ 99.1ರಷ್ಟು ಬಗೆಹರಿಸಿದೀವಿ ಅಂತ ಕಂಪನಿ ಉತ್ತರ ಕೊಡ್ತು. ಎರಡೂ ಕಡೆ ಮಾತು ಹೇಳಿದೀನಿ, ಬೈಬೇಡಿ. ಮಾರಾಟದ ಓಟಕ್ಕೆ ಸರ್ವಿಸ್ ಹೆಜ್ಜೆ ಹಾಕ್ಲಿಲ್ಲ ಅಂದ್ರೆ ಆ ಮಾರಾಟಾನೇ ಗಿರಾಕಿಗೆ ಶಾಪ.

ರಿಪೇರಿ_ಟೇಬಲ್
ಅದರ ಉಲ್ಟಾನೂ ಐತೆ. ಹೆಚ್ಚು ಮಾರಾಟ ಆದ ಫೋನಿನ ಪರದೆ, ಬ್ಯಾಟರಿ, ಕವರ್ರು ದುರ್ಗದಲ್ಲೇ ಸಿಗುತ್ತೆ, ಸಂಜೆಗೆ ಕೊಡ್ತೀನಿ. ಅಪರೂಪದ ಕಂಪನಿದು ಆದ್ರೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೇಳಿ ಕಳಿಸ್ಬೇಕು. ಬರೋತನಕ ನೀವು ನನಗೆ ಫೋನ್ ಮಾಡ್ತೀರ, ನಾನು ಅವನಿಗೆ ಮಾಡ್ತೀನಿ. ಅದಕ್ಕೇ ಭಾವನ ವಾದನ ಪೂರ್ತಿ ತೆಗೆದು ಹಾಕ್ಬೇಡಿ. ಹಳ್ಳಿ, ತಾಲ್ಲೂಕು ಕಡೆಯವ್ರಿಗೆ ಜಾಸ್ತಿ ಮಾರಾಟ ಆಗಿರೋದೇ ಒಂದು ಗುಣ. ಮಾಲು ಚೆನ್ನಾಗೈತೆ ಅಂತ ಅಲ್ಲ, ಕೆಟ್ಟರೆ ಗತಿ ಐತೆ ಅಂತ.

ಹದಡಿ_ರೋಡ್
ಇದನ್ನ ಭಾವನಿಗೆ ತೋರಿಸಲ್ಲ, ತಲೆ ಮೇಲೆ ಕೂತ್ಕೋತಾರೆ 😄

ಪಿಜೆ_ಬಡಾವಣೆ
ನನ್ನ ಕಸಿನ್‌ದು ಒಂದು ಲ್ಯಾಪ್‌ಟಾಪ್ ಹಿಂಜ್ (ಮುಚ್ಚಳದ ಕೀಲು) ಮುರೀತು. ಹೆಸರಾಂತ ಕಂಪನಿ, ಹೆಸರು ಬೇಡ. "ನೀವೇ ಬೀಳಿಸಿದೀರ" ಅಂದ್ರು ಸರ್ವಿಸ್‌ನವರು. ಪ್ಲಾಸ್ಟಿಕ್ ಒಳಗೆ ಸ್ಕ್ರೂ ಕೂರಿಸೋ ಹಿತ್ತಾಳೆ ಬಳೆ ಕಿತ್ತು ಬಂದಿತ್ತು, ಮೇಲೆ ಒಂದು ಗೀಚೂ ಇಲ್ಲ. ಹಾಗಾಗಿ ಹದಡಿ_ರೋಡ್, ಅಂಗಡಿಲಿ ಮಾರಾಟದ ಲೆಕ್ಕ ಕೇಳೋ ಬದಲು ಮುಚ್ಚಳನ ಒಂದು ಮೂಲೆ ಹಿಡಿದು ಎತ್ತಿ ನೋಡಿ. ಎಷ್ಟು ಬಳುಕುತ್ತೆ ಅಂತ ಕಾಣುತ್ತೆ. ರ‍್ಯಾಮ್ ಮುಂದೆ ಏರಿಸೋಕೆ ಬರುತ್ತಾ, ಬೋರ್ಡಿಗೇ ಅಂಟಿಸಿದಾರಾ ಕೇಳಿ. ಬ್ಯಾಟರಿ ಬದಲಾಯಿಸಿದ್ರೆ ಎಷ್ಟು, ಸರ್ವಿಸ್ ದಾವಣಗೆರೆಲೇ ಐತಾ, ಹುಬ್ಬಳ್ಳಿಗೋ ಬೆಂಗಳೂರಿಗೋ ಕಳಿಸ್ತಾರಾ ಕೇಳಿ.

ಎಂಸಿಸಿ_ಬಿ_ಬ್ಲಾಕ್
ಬಿಲ್ ಇದ್ರೆ ಗ್ರಾಹಕರ ಆಯೋಗಕ್ಕೆ ಹಾಕ್ಸಿ. ಮೊದಲು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್. ಆಗ್ಲಿಲ್ಲ ಅಂದ್ರೆ ಜಿಲ್ಲಾ ಆಯೋಗ. 5 ಲಕ್ಷದ ಒಳಗಿನ ಮಾಲಿಗೆ ಫೀಸ್ ಇಲ್ಲ, ವಕೀಲರೇ ಬೇಕು ಅಂತಿಲ್ಲ, ಎರಡು ವರ್ಷದೊಳಗೆ ಹಾಕ್ಬೇಕು. 2019ರ ಕಾಯ್ದೆ ಬಂದ್ಮೇಲೆ ನೀವಿರೋ ಜಿಲ್ಲೆಲೇ ಹಾಕಬಹುದು.

ಅಡಿಕೆ_ಚನ್ನಗಿರಿ
ತಡವಾಗಿ ಬಂದೆ. ನಮ್ಮ ಕಡೆ ಅತಿ ಹೆಚ್ಚು ಹೋಗಿರೋ ಟೆಕ್ನಾಲಜಿ ಅಂದ್ರೆ ಮೋಟ್ರಿನ ಆಟೊ ಸ್ಟಾರ್ಟರ್. ಇಲ್ಲದ ತೋಟ ಇಲ್ಲ. ಬೆಸ್ಕಾಂನವ್ರು ತ್ರೀಫೇಸ್ ಕೊಡೋದು ಯಾವ ಹೊತ್ತಿಗೋ, ರಾತ್ರಿ ಹಾವು ಚೇಳಿನ ನಡುವೆ ಹೋಗೋದು ತಪ್ತು. ಒಬ್ಬೊಬ್ಬ ರೈತನಿಗೂ ಅದು ಒಳ್ಳೇ ಮಾಲು, ನನ್ನದೂ ಚೆನ್ನಾಗೇ ಐತೆ. ಆದ್ರೆ ಕರೆಂಟ್ ಬಂದ ತಕ್ಷಣ ಆ ಟಿಸಿ (ಟ್ರಾನ್ಸ್‌ಫಾರ್ಮರ್) ಕೆಳಗಿನ ಎಲ್ಲಾ ಮೋಟ್ರು ಒಟ್ಟಿಗೇ ಎದ್ದೇಳ್ತಾವೆ. ಹೊರಡೋವಾಗ ಮೋಟ್ರು ಎಳೆಯೋ ಕರೆಂಟು ಓಡೋವಾಗಿನದಕ್ಕಿಂತ ಎಷ್ಟೋ ಪಟ್ಟು. ಟಿಸಿ ಸುಟ್ಟೋಗುತ್ತೆ. ಇನ್ನೊಂದು ಬರೋತನಕ ಯಾರ ತೋಟಕ್ಕೂ ನೀರಿಲ್ಲ. ಹತ್ತು ಜನ ಕೊಂಡಾಗ ಒಳ್ಳೇದಿದ್ದ ಮಾಲು ಎಲ್ಲರೂ ಕೊಂಡ ಮೇಲೆ ಹಿಂಗಾಯ್ತು. ಇದನ್ನ ನಿಮ್ಮ ಭಾವ ಯಾವ ಲೆಕ್ಕಕ್ಕೆ ಸೇರಿಸ್ತಾರೆ?

ವೋಲ್ಟೇಜ್_ವೀರ
ಟೈಮರ್ ಹಾಕಿ, ಒಬ್ಬೊಬ್ಬರದು ಎರಡು ನಿಮಿಷ ಮುಂದೆ ಹಿಂದೆ ಎದ್ದೇಳೋ ಹಂಗೆ.

ಅಡಿಕೆ_ಚನ್ನಗಿರಿ
ಹೇಳಿದ್ವಿ. ಎಲ್ಲರಿಗೂ ಮೊದಲು ನಂದೇ ಎದ್ದೇಳ್ಬೇಕು.

ಹರಿಹರ_ಸೇತುವೆ
ಮೊಬೈಲ್‌ನಿಂದ ಆನ್ ಮಾಡೋ ಸ್ಟಾರ್ಟರ್ ಹಾಕ್ಸಿದೋರು ಯಾರಾದ್ರೂ ಇದಾರಾ? ಮೆಕ್ಕೆಜೋಳದ ಹೊಲ ಮನೆಯಿಂದ ದೂರ. ಜಿಯೊ ಸಿಮ್ ಒಂದು ಸುಮ್ನೆ ಬಿದ್ದೈತೆ, ಅದನ್ನೇ ಹಾಕೋಣ ಅಂತ.

ಅಡಿಕೆ_ಚನ್ನಗಿರಿ
ಸ್ಟಾರ್ಟರ್ 2ಜಿದೋ 4ಜಿದೋ ಮೊದಲು ನೋಡಿ. ಕಡಿಮೆ ಬೆಲೆಯವು ಹೆಚ್ಚಾಗಿ 2ಜಿ, ಜಿಯೊದಲ್ಲಿ 2ಜಿ ಇಲ್ಲ, ಕೂಗೇ ಹೋಗಲ್ಲ. ಅದಕ್ಕೆ ಬೇರೆ ಸಿಮ್ ಬೇಕು, ಹೊಲದಲ್ಲಿ ಯಾವುದರ ಸಿಗ್ನಲ್ ಐತೆ ಅಂತ ಮೋಟ್ರು ಡಬ್ಬಿ ಹತ್ರಾನೇ ನಿಂತು ನೋಡ್ಕೊಳ್ಳಿ. ಬಾವಿ ಒಣಗಿದ್ರೆ ತಾನಾಗೇ ನಿಲ್ಲೋ ವ್ಯವಸ್ಥೆ ಇರೋದೇ ತಗೊಳ್ಳಿ.

ಹರಿಹರ_ಸೇತುವೆ
ಯಾವ ಕಂಪನಿದು ಜಾಸ್ತಿ ಹೋಗ್ತೈತೆ?

ಬಿಸಿಲು_ಚಳ್ಳಕೆರೆ
ಅಯ್ಯೋ ದೇವ್ರೇ.